ಬಣ್ಣ ಹತ್ತದ ಗಾಜು

ನಾಲ್ಕುನೂರ ಹದಿನೇಳನೆಯದು ರಾತ್ರಿ ಎಂಟು ಮರಿ ಹಾಕಿತ್ತು.
ಬೆಳಿಗ್ಗೆ ಆಯನೂರಿನ ಬಸ್ಸಿಳಿದು ಬಂದ ಹೀರಿಬಾಯಿ
ಚಪ್ಪಲಿ ಬಿಟ್ಟು, ನೀಲಿ ಗೌನು ತೊಟ್ಟು, ಪಂಜರಕ್ಕೆ ಬಗ್ಗಿ
‘ಮರಿ ಹೊಟ್ಟೇಲಿ ಬಿಳೀದು ಕಾಣ್ತಿಲ್ಲ’ ಅಂದಳು.

ಆಗತಾನೆ ಹುಟ್ಟಿದ ಇಲಿಮರಿಯ ಚರ್ಮ ಎಣ್ಣೆಕಾಗದ,
ಕುಡಿದ ಹಾಲು ಹೊರಗೇ ತೋರುತ್ತದೆ.
ಎಂಟರಲ್ಲಿ ಒಂದಕ್ಕೂ ಇಲ್ಲ.

ತಾಯಿ ನೆಕ್ಕುತ್ತಿತ್ತು. ಹೊಟ್ಟು ಒತ್ತರಿಸಿ ಗೂಡು ಮಾಡುತ್ತಿತ್ತು.
ಮೊಲೆ ಬಿಗಿದೂ ಇತ್ತು.
‘ಹಾಲೈತೆ. ಸೊರೆ ಬಿಡ್ತಿಲ್ಲ.
ಕರ ಸತ್ತಾಗ ನಮ್ಮೆಮ್ಮೆ ಹಿಂಗೇ ನಿಂತಿತ್ತು.’
ಅವಳು ಕಾರ್ಡು ಓದುವವಳಲ್ಲ.
ನಾನು ತಿರುಗಿಸಿ ನೋಡಿದೆ, ನನ್ನದೇ ಅಕ್ಷರ:
ಕಳೆ, ಕಳೆ.

ಒಂಬತ್ತು ಮಣಿಯ ಪುಟ್ಟ ಸರ ಆ ಹಾರ್ಮೋನು.
ಮಿದುಳಿಂದ ಹೊರಟು ನೆತ್ತರಲ್ಲಿ ತೇಲಿ
ಕೆಚ್ಚಲ ಜೀವಕೋಶದ ಕದ ತಟ್ಟುತ್ತದೆ.
ಕದವೆಂದರೆ ಕದವಲ್ಲ, ಗೋಡೆಯ ಆಚೆ ಈಚೆ
ಏಳು ಸಲ ಹೊಲಿಗೆ ಹಾಕಿದ ಒಂದೇ ದಾರ.
ಇದರಲ್ಲಿ ಆ ದಾರವಿಲ್ಲ. ಬಿಚ್ಚಿದವರು ನಾವು,
ಮೂರು ವರ್ಷ ಕೂತು, ಸರ್ಕಾರದ ದುಡ್ಡಲ್ಲಿ.

ಹೀರಿಬಾಯಿ ಕೇಳಲಿಲ್ಲ. ಪಕ್ಕದ ಪಂಜರದ ಬಾಣಂತಿಯ
ಒದ್ದೆ ಹೊಟ್ಟು ಚಿಟಿಕೆ ತೆಗೆದು
ಎಂಟಕ್ಕೂ ಸವರಿ, ಅದರ ಮರಿಗಳ ನಡುವೆ ತೂರಿಸಿದಳು.
ವಾಸನೆ ನೋಡಿದ ಆ ಬಿಳಿಯಿಲಿ
ಲೆಕ್ಕ ಹಾಕಲಿಲ್ಲ, ಮೈಚೆಲ್ಲಿತು.

ಇನ್ನು ಮೊಲಗಳ ಕತೆ.
ಆ ದಾರದ ಒಂದು ತುಣುಕನ್ನು ಚುಚ್ಚಿ
ಕಿವಿಯ ನೀಲಿ ನರದಿಂದ ತೆಗೆದ ಪ್ರತಿಕಾಯ.
ಗಾಜಿನ ಮೇಲೆ ಎಷ್ಟು ಚೆಂದ ಹತ್ತುತ್ತಿತ್ತು ಕಂದು!
ಜೋನಿಬೆಲ್ಲದ ಬಣ್ಣ. ಮಂಗಳೂರಿನ ಸಮ್ಮೇಳನದಲ್ಲಿ
ಚಪ್ಪಾಳೆಯೂ ಬಿತ್ತು.
ಆಮೇಲೆ ಒಂದು ಸಂಜೆ, ಕರೆಂಟು ಹೋಗಿ
ಜನರೇಟರು ಗೊರಗೊರ ಅನ್ನುವಾಗ,
ಕದವೇ ಇಲ್ಲದ ಇಲಿಯ ಕೆಚ್ಚಲಿನ ಚೂರಿಗೆ ಅದನ್ನೇ ಹಾಕಿದೆ.
ಕಂದು.
ಅದೇ ಕಂದು. ಅಷ್ಟೇ ಚೆಂದ.

ಕರೆದವರ ಮನೆಗೂ ಕರೆಯದವರ ಮನೆಗೂ ಹೋಗಿ
ಉಂಡು ಬರುವ ನೆಂಟ. ಅವನ ಮಾತು ನಂಬಿ
ಎರಡು ಪ್ರಬಂಧ ಬರೆದಿದ್ದೆ.
ಆ ರಾತ್ರಿ ತುಂಗೆಯ ಸೇತುವೆ ಮೇಲೆ ಸ್ಕೂಟರು ನಿಲ್ಲಿಸಿ
ಸುಮ್ಮನೆ ನಿಂತಿದ್ದೆ, ಲಾರಿಯವರು ಹಾರನ್ನು ಹೊಡೆಯುವವರೆಗೆ.

ಕೊನೆಗೆ ಹೊಳೆದದ್ದು ಇಷ್ಟು:
ಮೈಯಲ್ಲಿ ಇರುವುದನ್ನು ಮೈ ತನ್ನದೆಂದು ಬಿಟ್ಟುಬಿಡುತ್ತದೆ.
ಎಂದೂ ಇಲ್ಲದವಳಿಗೆ ಮಾತ್ರ ಅದು ಪರಕೀಯ,
ಮೂಲೆ ಮೂಲೆಯೂ ಹೊಸತು, ಅವಳೇ ಸರಿಯಾಗಿ ಗುರುತು ಹಿಡಿದಾಳು.
ಚುಚ್ಚಿದ್ದು ನಾಲ್ಕುನೂರ ಹದಿನೇಳಕ್ಕೆ.

ಅದನ್ನು ಹೇಗೆ ಮುಗಿಸಿದೆವು ಎಂದು
ವರದಿಯಲ್ಲಿ ಒಂದೇ ಸಾಲಿದೆ. ಇಲ್ಲಿ ಅದೂ ಬೇಡ.
ಗುಲ್ಮದ ಕೋಶಗಳನ್ನು ಸಾಯಲರಿಯದ ಕ್ಯಾನ್ಸರಿನ ಕೋಶಕ್ಕೆ ಗಂಟುಹಾಕಿ
ತೊಂಬತ್ತಾರು ಗುಳಿಯ ತಟ್ಟೆಯಲ್ಲಿ ಬಿತ್ತಿದೆವು.
ಉಳಿದದ್ದು ಒಂದು ಗುಳಿ.
ಡೇರಿಯ ವ್ಯಾನು, ಹೋರಿಯ ವೀರ್ಯಕ್ಕೆ ತರುವ
ದ್ರವ ಸಾರಜನಕದಲ್ಲೇ ನಮಗೂ ಒಂದು ಕ್ಯಾನು ಸುರಿದುಹೋಗುತ್ತದೆ.
ಅದರೊಳಗೆ ಹೊಗೆಯಾಡುತ್ತ ಕೂತಿದೆ ಈಗ.

ಮೊನ್ನೆ ಹೀರಿಬಾಯಿಯನ್ನು ಸೂಕ್ಷ್ಮದರ್ಶಕಕ್ಕೆ ಕೂರಿಸಿದೆ.
ಮೊದಲ ಗಾಜು: ಹಾಲಿನ ಗುಳ್ಳೆಯ ಸುತ್ತ
ಬುಟ್ಟಿ ಹೆಣೆದ ಹಾಗೆ ತೆಳ್ಳಗೆ ಕಂದು.
ಎರಡನೆಯದು, ನಾಲ್ಕುನೂರ ಹದಿನೇಳರ ತಂಗಿಯದು.
ತಿರುಪು ತಿರುಗಿಸಿದಳು, ಕಣ್ಣುಜ್ಜಿದಳು,
ಎಡಗಣ್ಣಲ್ಲೂ ನೋಡಿದಳು.
‘ಏನೂ ಇಲ್ಲವಲ್ಲ ಮೇಡಂ?’

ಸರಿಯಾಗಿ ನೋಡು ಅಂದೆ.
‘ಇಲ್ಲ ಅಂದ್ರೆ ಇಲ್ಲ’ ಎಂದು ಸಿಟ್ಟಿಗೆದ್ದು
ಐದೂವರೆಯ ಬಸ್ಸಿಗೆ ಓಡಿದಳು. ಎಮ್ಮೆ ಕರೆಯುವ ಹೊತ್ತು.